ಜನಾದೇಶ ಯಾರ ಸ್ವತ್ತು?

ಚುನಾವಣೆಯ ಫಲಿತಾಂಶ ಹೊರಬಿದ್ದ ದಿನ ಗೆದ್ದವರೂ ಸೋತವರೂ ಒಂದೇ ಮಾತನ್ನು ಹೇಳುವುದು ನಮ್ಮಲ್ಲಿ ರೂಢಿ. ‘ಜನರ ತೀರ್ಪಿಗೆ ತಲೆಬಾಗುತ್ತೇವೆ’ ಎಂಬುದೇ ಆ ಮಾತು. ಗೆದ್ದವರು ಕೊರಳಲ್ಲಿ ಹಾರವಿಟ್ಟುಕೊಂಡು ಹೇಳುತ್ತಾರೆ. ಸೋತವರು ಬಾಡಿದ ಮುಖದಲ್ಲಿ ಹೇಳುತ್ತಾರೆ. ಮರುದಿನದ ಪತ್ರಿಕೆಗಳು ಮತದಾರನ ಪ್ರಬುದ್ಧತೆಯನ್ನು ಕೊಂಡಾಡುತ್ತವೆ. ವಾರ ಕಳೆಯುವುದರೊಳಗೆ ಚರ್ಚೆ ಮಂತ್ರಿಗಿರಿಯ ಹಂಚಿಕೆಗೆ ಹೊರಳುತ್ತದೆ. ಜನರು ನಿಜಕ್ಕೂ ಏನು ಹೇಳಿದರು, ಹೇಳಿದ್ದರಿಂದ ಗೆದ್ದವರಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ.

ಇದು ರಾಜಕೀಯ ಪಂಡಿತರಿಗಷ್ಟೇ ಬಿಟ್ಟುಕೊಡಬಹುದಾದ ಪ್ರಶ್ನೆಯಲ್ಲ. ವಸ್ತುತಃ ಇದೊಂದು ನೈತಿಕ ಪ್ರಶ್ನೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏನೋ ಒಂದು ದಾಟಿದೆ. ಅದು ದಾನವೇ, ಸಾಲವೇ, ಮಾರಾಟವೇ, ಅಥವಾ ನಂಬಿ ಒಪ್ಪಿಸಿದ ಒಡವೆಯೇ? ಪಡೆದವನ ಹೊಣೆ ಏನು, ಕೊಟ್ಟವನ ಹಕ್ಕು ಏನು ಎಂಬುದೆಲ್ಲ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಮೊದಲು ಲೆಕ್ಕವನ್ನೇ ನೋಡೋಣ. 2023ರ ಮೇ 13ರಂದು ಪ್ರಕಟವಾದ ಕರ್ನಾಟಕ ವಿಧಾನಸಭೆಯ ಫಲಿತಾಂಶದಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜನತಾದಳ (ಜಾತ್ಯತೀತ)ಕ್ಕೆ 19 ಸ್ಥಾನಗಳು ದೊರೆತವು. ಉಳಿದ ನಾಲ್ಕು ಸ್ಥಾನಗಳು ಸಣ್ಣ ಪಕ್ಷಗಳು ಹಾಗೂ ಪಕ್ಷೇತರರ ಪಾಲಾದವು. ಬಿಜೆಪಿಯನ್ನು ಜನ ತಿರಸ್ಕರಿಸಿದರು ಎಂದು ಎಲ್ಲರೂ ಹೇಳಿದರು. ಆದರೆ ಮತಗಳ ಪ್ರಮಾಣ ಬೇರೆಯೇ ಕತೆ ಹೇಳುತ್ತದೆ. 2018ರಲ್ಲಿ 104 ಸ್ಥಾನ ಗೆದ್ದಾಗ ಆ ಪಕ್ಷಕ್ಕೆ ಬಿದ್ದ ಮತ ಶೇಕಡಾ 36ಕ್ಕಿಂತ ತುಸು ಹೆಚ್ಚು. 2023ರಲ್ಲಿ 66ಕ್ಕೆ ಇಳಿದಾಗಲೂ ಅದು ಶೇಕಡಾ 36. ಸಂಖ್ಯೆಯಲ್ಲಿ ಲೆಕ್ಕ ಹಾಕಿದರೆ ಹಿಂದಿನ ಸಲಕ್ಕಿಂತ ಏಳು ಲಕ್ಷಕ್ಕೂ ಹೆಚ್ಚು ಮತಗಳು ಅದಕ್ಕೆ ಬಿದ್ದಿದ್ದವು. ಬದಲಾದದ್ದು ಬೇರೆ ಕಡೆ. ಜನತಾದಳದ ಪಾಲು ಸುಮಾರು ಶೇಕಡಾ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್‌ನ ಪಾಲು 38ರಿಂದ ಸುಮಾರು 43ಕ್ಕೆ ಏರಿತು. ಅಷ್ಟರಿಂದಲೇ ಸ್ಥಾನಗಳ ಲೆಕ್ಕ ತಲೆಕೆಳಗಾಯಿತು.

ಇನ್ನೂ ಹಿಂದಕ್ಕೆ ಹೋದರೆ ಅಚ್ಚರಿ ಹೆಚ್ಚುತ್ತದೆ. 2013ರಲ್ಲಿ ಶೇಕಡಾ 36.6ರಷ್ಟು ಮತ ಪಡೆದ ಕಾಂಗ್ರೆಸ್ 122 ಸ್ಥಾನ ಗೆದ್ದು ಸ್ಪಷ್ಟ ಬಹುಮತದಿಂದ ಸರಕಾರ ರಚಿಸಿತು. ಐದು ವರ್ಷಗಳ ಬಳಿಕ ಅದೇ ಪಕ್ಷದ ಮತ ಶೇಕಡಾ 38ಕ್ಕೆ ಏರಿತು, ಸ್ಥಾನಗಳು 80ಕ್ಕೆ ಇಳಿದವು. 2004, 2008 ಮತ್ತು 2018ರ ಮೂರೂ ಚುನಾವಣೆಗಳಲ್ಲಿ ಅತಿ ಹೆಚ್ಚು ಮತ ಪಡೆದ ಪಕ್ಷವೇ ಬೇರೆ, ಅತಿ ಹೆಚ್ಚು ಸ್ಥಾನ ಪಡೆದ ಪಕ್ಷವೇ ಬೇರೆ. 2004ರಲ್ಲಂತೂ ಶೇಕಡಾ 35ರಷ್ಟು ಮತ ಪಡೆದ ಪಕ್ಷಕ್ಕೆ 65 ಸ್ಥಾನ, ಶೇಕಡಾ 28ರಷ್ಟು ಪಡೆದ ಪಕ್ಷಕ್ಕೆ 79 ಸ್ಥಾನ ದಕ್ಕಿತ್ತು.

ಹಾಗಾದರೆ ಫಲಿತಾಂಶ ಸುಳ್ಳೇ? ಖಂಡಿತ ಅಲ್ಲ. ಒಂದು ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಮತವೋ ಅವರೇ ವಿಜೇತರು ಎಂಬ ನಿಯಮವನ್ನು ನಾವೆಲ್ಲರೂ ಮೊದಲೇ ಒಪ್ಪಿಕೊಂಡಿದ್ದೇವೆ. ಆಟಕ್ಕೆ ಇಳಿದ ಮೇಲೆ ಸೋತವನು ನಿಯಮವನ್ನು ಹಳಿಯುವುದು ತರವಲ್ಲ. ಬೇಕಿದ್ದರೆ ಮುಂದಿನ ಆಟಕ್ಕೆ ಮುಂಚೆ ನಿಯಮ ಬದಲಿಸೋಣ ಎಂದು ವಾದಿಸಬಹುದು. ಇಲ್ಲಿ ನಾವು ಗಮನಿಸಬೇಕಾದ ಅಂಶ ಬೇರೆ. ಈ ನಿಯಮ ಗೆದ್ದವರಿಗೆ ಕೊಡುವುದು ಆಳುವ ಅಧಿಕಾರವನ್ನು. ‘ನಾವು ಹೇಳಿದ್ದೇ ಸರಿ ಎಂದು ನಾಡು ಒಪ್ಪಿದೆ’ ಎಂಬ ಪ್ರಮಾಣಪತ್ರವನ್ನಲ್ಲ. 2023ರಲ್ಲಿ ಕರ್ನಾಟಕದ ಮತದಾರರ ಸಂಖ್ಯೆ ಸುಮಾರು 5.3 ಕೋಟಿ. ಅವರಲ್ಲಿ ಮತಗಟ್ಟೆಗೆ ಬಂದವರು ಸುಮಾರು ಶೇಕಡಾ 73. ಗೆದ್ದ ಪಕ್ಷಕ್ಕೆ ಬಿದ್ದ ಮತ ಸುಮಾರು 1.67 ಕೋಟಿ. ಅಂದರೆ ಒಟ್ಟು ಮತದಾರರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದೂ ಹಲವು ಚುನಾವಣೆಗಳಿಗೆ ಹೋಲಿಸಿದರೆ ದೊಡ್ಡ ಗೆಲುವು!

ಬಹುಮತವೆಂಬುದು ನಿರ್ಧಾರ ಮಾಡುವವರು ಯಾರು ಎಂಬುದನ್ನು ತೀರ್ಮಾನಿಸುತ್ತದೆ. ಮಾಡಿದ ನಿರ್ಧಾರ ನ್ಯಾಯವೋ ಅನ್ಯಾಯವೋ ಎಂಬುದನ್ನು ಅದು ತೀರ್ಮಾನಿಸಲಾರದು. ಈ ಎರಡನ್ನು ಬೆರೆಸಿದಾಗಲೇ ಅನಾಹುತಗಳು ಹುಟ್ಟುತ್ತವೆ. ಡಾ. ಅಂಬೇಡ್ಕರ್ ಅವರು 1947ರಲ್ಲಿಯೇ ಎರಡು ಬಗೆಯ ಬಹುಮತಗಳನ್ನು ಬೇರ್ಪಡಿಸಿ ತೋರಿಸಿದ್ದರು. ರಾಜಕೀಯ ಬಹುಮತ ವಿಚಾರದಿಂದ, ಮನವೊಲಿಕೆಯಿಂದ ಕಟ್ಟಲ್ಪಡುತ್ತದೆ, ಹಾಗೆಯೇ ಕರಗುತ್ತದೆ. ಹುಟ್ಟಿನಿಂದ ಬರುವ ಬಹುಮತ ಕರಗುವುದಿಲ್ಲ. ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬಂದರೆ ಪ್ರಜಾಪ್ರಭುತ್ವದಲ್ಲಿ ಇಂದು ಸೋತವನಿಗೆ ಇರಬೇಕಾದ ‘ನಾಳೆ ಗೆಲ್ಲಬಹುದು’ ಎಂಬ ಭರವಸೆಯೇ ಇಲ್ಲವಾಗುತ್ತದೆ. ಆ ಭರವಸೆ ಇಲ್ಲದಿದ್ದರೆ ಅವನು ತೀರ್ಪಿಗೆ ತಲೆಬಾಗಬೇಕು ಎನ್ನಲು ನಮಗೆ ಯಾವ ಅರ್ಹತೆ ಉಳಿಯುತ್ತದೆ?

ಇದರ ಜೊತೆಗೆ ಇನ್ನೊಂದು ಕಾಯಿಲೆಯಿದೆ. ತಮಗೆ ಬೇಕಾದ ಪಕ್ಷ ಗೆದ್ದರೆ ಜನರು ಪ್ರಬುದ್ಧರು, ಸೋತರೆ ಜನರು ಮೂರ್ಖರು ಅಥವಾ ಮಾರಿಕೊಂಡವರು ಎನ್ನುವ ಚಾಳಿ. ಎಲ್ಲ ಪಕ್ಷಗಳ ಹಿಂಬಾಲಕರಲ್ಲೂ ಇದು ಕಾಣಸಿಗುತ್ತದೆ. ವಿದ್ಯಾವಂತರಲ್ಲಿ ಸ್ವಲ್ಪ ಹೆಚ್ಚೇ ಎನ್ನಬೇಕು. ಐದು ವರ್ಷಗಳಲ್ಲಿ ಅದೇ ಹಳ್ಳಿಯ ಅದೇ ಜನರು ಒಮ್ಮೆ ಜ್ಞಾನಿಗಳೂ ಇನ್ನೊಮ್ಮೆ ಅಜ್ಞಾನಿಗಳೂ ಆಗುವುದಾದರೂ ಹೇಗೆ? ಜನರನ್ನು ದೇವರೆಂದು ಹೊಗಳುವುದೂ ಬೇಡ, ಮಂದೆಯೆಂದು ತೆಗಳುವುದೂ ಬೇಡ. ಅವರು ನಮ್ಮಂತೆಯೇ ಲಾಭ ನಷ್ಟ, ಭಯ, ಅಭಿಮಾನ, ಅನುಭವಗಳನ್ನು ತೂಗಿ ನೋಡಿ ಗುಂಡಿ ಒತ್ತುವ ಮನುಷ್ಯರು. ಅವರ ತೀರ್ಮಾನವನ್ನು ಗೌರವಿಸಬೇಕು, ಅದನ್ನು ಪ್ರಶ್ನಿಸುವ ಹಕ್ಕನ್ನೂ ಉಳಿಸಿಕೊಳ್ಳಬೇಕು.

ಇನ್ನು ಒಂದು ಮತದ ಮಾತಿಗೆ ಬರೋಣ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಿದ್ದವು. ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಆ ದಿನ ಮತ ಹಾಕಲು ಬಿಡುವು ಸಿಗಲಿಲ್ಲವೆಂಬ ಮಾತು ಜನರ ಬಾಯಲ್ಲಿ ಇಂದಿಗೂ ಇದೆ. ನಾಲ್ಕು ವರ್ಷಗಳ ಬಳಿಕ, 2008ರಲ್ಲಿ, ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್‌ನ ಸಿ.ಪಿ. ಜೋಶಿ ಅವರೂ ಒಂದೇ ಮತದಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರು ಎಣಿಕೆಯ ಬಳಿಕ ಘೋಷಣೆಯಾದ ಅಂತರ ಹದಿನಾರು ಮತ.

‘ನನ್ನದೊಂದು ಮತದಿಂದ ಏನಾದೀತು?’ ಎನ್ನುವವರಿಗೆ ಈ ಕತೆಗಳನ್ನು ಹೇಳಿ ಬುದ್ಧಿ ಹೇಳುವುದುಂಟು. ಆದರೆ ನಮಗೆ ಇಲ್ಲಿ ಕಾಣುವ ಪಾಠ ಅದಕ್ಕಿಂತ ದೊಡ್ಡದು. ಒಂದು ಮತದಿಂದ ಗೆದ್ದ ಶಾಸಕನ ಅಧಿಕಾರ ಐವತ್ತು ಸಾವಿರ ಮತಗಳಿಂದ ಗೆದ್ದವನ ಅಧಿಕಾರಕ್ಕಿಂತ ಕಾನೂನಿನಲ್ಲಿ ಒಂದಿನಿತೂ ಕಡಿಮೆಯಿಲ್ಲ. ಅವನಿಗೂ ಸದನದಲ್ಲಿ ಒಂದೇ ಆಸನ, ಇವನಿಗೂ ಒಂದೇ. ಹಾಗೆಂದ ಮೇಲೆ, ಒಂದು ಮತದ ಅಂತರದಿಂದ ಬಂದವನು ತನಗೆ ಮತ ಹಾಕಿದ 40,752 ಮಂದಿಗಷ್ಟೇ ಪ್ರತಿನಿಧಿ ಎನ್ನಲಾದೀತೇ? ಎದುರಾಳಿಗೆ ಹಾಕಿದ 40,751 ಮಂದಿ, ಇತರರಿಗೆ ಹಾಕಿದವರು, ಮತ ಹಾಕದವರು, ಹದಿನೆಂಟು ತುಂಬದ ಮಕ್ಕಳು, ಇವರೆಲ್ಲರಿಗೂ ಅವನೇ ಶಾಸಕ. ಅಧಿಕಾರ ಪೂರ್ಣವಾಗಿ ದೊರೆತದ್ದಾದರೆ ಹೊಣೆಯೂ ಪೂರ್ಣವಾಗಿಯೇ ದೊರೆತಿದೆ. ಅಧಿಕಾರವನ್ನು ಇಡೀ ಕ್ಷೇತ್ರದ ಮೇಲೆ ಚಲಾಯಿಸಿ ಹೊಣೆಯನ್ನು ಅರ್ಧ ಕ್ಷೇತ್ರಕ್ಕೆ ಮಾತ್ರ ಹೊರುತ್ತೇನೆಂದರೆ ಅದು ಅನ್ಯಾಯದ ವ್ಯಾಪಾರ.

ಕಾಲಚಕ್ರ ಈ ಮಾತಿಗೆ ಸಾಕ್ಷಿಯನ್ನೂ ಒದಗಿಸಿದೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಒಂದು ಮತದಿಂದ ಗೆದ್ದಿದ್ದ ಧ್ರುವನಾರಾಯಣ ಅವರು ಎರಡು ಬಾರಿ ಸಂಸದರಾಗಿ, 2019ರಲ್ಲಿ ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. 2023ರ ಮಾರ್ಚ್‌ನಲ್ಲಿ ಅವರು ನಿಧನರಾದರು. ಒಂದು ಮತದಿಂದ ಸೋತಿದ್ದ ಕೃಷ್ಣಮೂರ್ತಿ ಅವರು ಅದೇ ವರ್ಷ ಕೊಳ್ಳೇಗಾಲದಿಂದ ಸುಮಾರು 59 ಸಾವಿರ ಮತಗಳ ಅಂತರದಲ್ಲಿ ಗೆದ್ದರು, ಅದೂ ಕಾಂಗ್ರೆಸ್‌ನಿಂದಲೇ! ಅಂತರಗಳು ಬಂದು ಹೋಗುತ್ತವೆ, ಪಕ್ಷಗಳೂ ಬದಲಾಗುತ್ತವೆ. ಕೊಟ್ಟವರು ಮತ್ತು ಕೊಟ್ಟದ್ದು ಮಾತ್ರ ಅಲ್ಲೇ ಇರುತ್ತದೆ.

ಕೊಟ್ಟದ್ದು ಏನು? ಇದಕ್ಕೆ ಉತ್ತರಿಸಲು ಕನ್ನಡದಲ್ಲಿ ಬಳಕೆಯಲ್ಲಿರುವ ಒಂದು ಪದ ನೆರವಾಗುತ್ತದೆ. ‘ಅಮಾನತು’ ಎಂದೊಡನೆ ನಮಗೆ ಸರಕಾರಿ ನೌಕರರ ಅಮಾನತು ನೆನಪಾಗುತ್ತದೆ. ಅರಬಿಯಿಂದ ಬಂದ ಈ ಪದದ ಮೂಲ ಅರ್ಥ ಬೇರೆ. ಒಬ್ಬನು ನಂಬಿ ಇನ್ನೊಬ್ಬನ ಬಳಿ ಇಟ್ಟ ವಸ್ತುವೇ ಅಮಾನತು. ಇಟ್ಟುಕೊಂಡವನು ಅದರ ಒಡೆಯನಲ್ಲ. ಅದನ್ನು ಕಾಯಬೇಕು, ಇಟ್ಟವನ ಉದ್ದೇಶಕ್ಕೆ ಬಳಸಬೇಕು, ಕೇಳಿದಾಗ ಲೆಕ್ಕ ಸಮೇತ ಒಪ್ಪಿಸಬೇಕು. ಮತವೂ ಇಂತಹದೇ ಒಂದು ಅಮಾನತು. ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿ ಹತ್ತು ಸಾವಿರ ರೂಪಾಯಿ ಠೇವಣಿ ಇಡುತ್ತಾನೆ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗವನ್ನು ಮೀರದಿದ್ದರೆ ಅದನ್ನು ಕಳೆದುಕೊಳ್ಳುತ್ತಾನೆ. ಯಾರು ಯಾರ ಠೇವಣಿ ಹೋಯಿತು ಎಂದು ಪತ್ರಿಕೆಗಳು ಪಟ್ಟಿ ಮಾಡುತ್ತವೆ. ಮತದಾರ ಇಟ್ಟ ಠೇವಣಿ ಎಷ್ಟು ಸಲ ಮುಳುಗಿತು ಎಂಬ ಪಟ್ಟಿಯನ್ನು ಯಾರೂ ಮಾಡುವುದಿಲ್ಲ.

ಮತ ಅಮಾನತು ಎಂಬ ಮಾತು ಮೊದಲು ಮತದಾರನಿಗೇ ಅನ್ವಯಿಸುತ್ತದೆ. ನನ್ನ ಮತ ನನ್ನದು, ಬೇಕಾದವರಿಗೆ ಹಾಕುತ್ತೇನೆ, ಬೇಕಿದ್ದರೆ ಮಾರುತ್ತೇನೆ ಎಂದರೆ ತಪ್ಪೇನು ಎಂದು ಕೇಳುವವರಿದ್ದಾರೆ. ನನ್ನ ಹೊಲ ಮಾರಿದರೆ ನಷ್ಟ ನನ್ನದು. ನನ್ನ ಮತ ಮಾರಿದರೆ ನಷ್ಟ ನೆರೆಯವನದೂ ಹೌದು, ಅವನ ಮಗುವಿನದೂ ಹೌದು. ಇನ್ನೊಬ್ಬರ ಬದುಕನ್ನು ತಟ್ಟುವ ಅಧಿಕಾರ ಯಾರ ಖಾಸಗಿ ಆಸ್ತಿಯೂ ಆಗಲಾರದು. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಈ ವಾದವನ್ನೇ ಮುಂದಿಟ್ಟಿದ್ದ. ಆದರೆ ಅದರಿಂದ ಅವನು ಹೊರಡಿಸಿದ ತೀರ್ಮಾನ, ಮತವನ್ನು ಎಲ್ಲರೆದುರು ಬಹಿರಂಗವಾಗಿ ಚಲಾಯಿಸಬೇಕು ಎಂಬುದು. ಅಮಾನತಿಗೆ ಲೆಕ್ಕ ಒಪ್ಪಿಸಬೇಡವೇ ಎಂಬುದು ಅವನ ತರ್ಕ. ಮೊದಲನೆಯದನ್ನು ಒಪ್ಪುವ ನಾವು ಎರಡನೆಯದನ್ನು ಒಪ್ಪಲಾರೆವು. ಜಮೀನುದಾರನ ಕಣ್ಣೆದುರು ಕೂಲಿಯಾಳು, ಯಜಮಾನನ ಕಣ್ಣೆದುರು ಹೆಂಡತಿ, ಊರ ಮುಖಂಡರ ಕಣ್ಣೆದುರು ಕೇರಿಯವನು ಕೈಯೆತ್ತಿ ಮತ ಹಾಕಬೇಕಾದರೆ ಅದು ಯಾರ ಮತವಾಗುತ್ತದೆ? ದುರ್ಬಲನು ತನ್ನ ಆತ್ಮಸಾಕ್ಷಿಗೆ ಉತ್ತರ ಕೊಡಬೇಕಾದರೆ ಬಲಾಢ್ಯನಿಗೆ ಉತ್ತರ ಕೊಡುವ ಭಯ ಇರಬಾರದು. ಗುಪ್ತ ಮತದಾನ ಇರುವುದು ಅದಕ್ಕಾಗಿಯೇ.

ಹಣ ಪಡೆದು ಮತ ಹಾಕುವ ಬಡವನ ಬಗ್ಗೆ ನಾವು ಬಹಳ ಕಠಿಣವಾಗಿ ಮಾತಾಡುತ್ತೇವೆ. ಚುನಾವಣೆಯ ಹಿಂದಿನ ರಾತ್ರಿ ಮನೆ ಬಾಗಿಲಿಗೆ ಬರುವ ನೋಟು, ಸೀರೆ, ಕುಕ್ಕರುಗಳನ್ನು ಯಾರೂ ಸಮರ್ಥಿಸಲಾರರು. ಆದರೆ ಅಪರಾಧದ ತೂಕ ಇಬ್ಬರಿಗೂ ಸಮಾನವಲ್ಲ. ಐನೂರು ರೂಪಾಯಿ ಪಡೆದವನು ಒಂದು ದಿನದ ಕೂಲಿಗೆ ಸೋತಿದ್ದಾನೆ. ಕೊಟ್ಟವನು ಐದು ವರ್ಷದ ಲೂಟಿಗೆ ಬಂಡವಾಳ ಹೂಡಿದ್ದಾನೆ. ಹಣ ಕೊಟ್ಟು ದೇವರ ಮೇಲೆ ಆಣೆ ಮಾಡಿಸಿಕೊಳ್ಳುವ ಪದ್ಧತಿಯೂ ಕೆಲವೆಡೆ ಇದೆ. ಪಡೆದವರು ಆ ಆಣೆಗೆ ಕಟ್ಟುಬಿದ್ದು ನರಳುತ್ತಾರೆ. ತಪ್ಪು ಮಾಡುತ್ತೇನೆಂದು ಇಟ್ಟ ಆಣೆ ಯಾವ ಧರ್ಮದಲ್ಲೂ ಕಟ್ಟುಪಾಡಾಗಲಾರದು. ಅದನ್ನು ಮುರಿಯುವುದೇ ಧರ್ಮ. ಹಾಗೆಂದು ಎಲ್ಲರಿಂದಲೂ ಹಣ ಪಡೆದು ಮನಸ್ಸಿಗೆ ಬಂದವರಿಗೆ ಹಾಕಿದರಾಯಿತು ಎಂಬ ಜಾಣತನವೂ ನಮಗೆ ಸಮ್ಮತವಲ್ಲ. ಯಾಕೆಂದರೆ ಹಣ ಚೆಲ್ಲಲಾರದ ಪ್ರಾಮಾಣಿಕ ಅಭ್ಯರ್ಥಿಯನ್ನು ಆ ಜಾಣತನ ಕಣದಿಂದಲೇ ಹೊರಗಟ್ಟುತ್ತದೆ.

ಈಗ ಅಮಾನತು ಪಡೆದವನ ಕಡೆ ತಿರುಗೋಣ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಆಡಳಿತ ಜನತಾ ಪಕ್ಷಕ್ಕೆ ದೊರೆತದ್ದು ನಾಲ್ಕೇ. ಅದು ಕೇಂದ್ರದ ಚುನಾವಣೆ. ರಾಜ್ಯದ ಸರಕಾರ ಮುಂದುವರಿಯಲು ಕಾನೂನಿನ ಅಡ್ಡಿಯಿರಲಿಲ್ಲ. ಆದರೂ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು, ಹೊಸ ಚುನಾವಣೆಯ ಮೂಲಕ ಜನರೆದುರು ಹೋದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷ 139 ಸ್ಥಾನಗಳೊಂದಿಗೆ ಮರಳಿತು. ಅದರಲ್ಲಿ ರಾಜಕೀಯ ಲೆಕ್ಕಾಚಾರ ಇದ್ದಿರಬಹುದು, ಇರಲಿ. ನಮಗೆ ಮುಖ್ಯವಾದದ್ದು ಕ್ರಮ. ಒಡೆಯನನ್ನು ಮೊದಲು ಕೇಳಲಾಯಿತು, ಅಧಿಕಾರ ಆಮೇಲೆ ಬಂತು.

2018ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. 104 ಸ್ಥಾನಗಳ ಬಿಜೆಪಿಯ ಬಿ.ಎಸ್. ಯಡಿಯೂರಪ್ಪನವರು ಮೇ 17ರಂದು ಪ್ರಮಾಣವಚನ ಸ್ವೀಕರಿಸಿ, ವಿಶ್ವಾಸಮತಕ್ಕೆ ಮುಂಚೆ ಮೇ 19ರಂದು ರಾಜೀನಾಮೆ ಕೊಟ್ಟರು. ಬಳಿಕ 37 ಸ್ಥಾನಗಳ ಜನತಾದಳದ ಎಚ್.ಡಿ. ಕುಮಾರಸ್ವಾಮಿಯವರು ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿಯಾದರು. ಹಳೆ ಮೈಸೂರು ಭಾಗದಲ್ಲಿ ಈ ಎರಡು ಪಕ್ಷಗಳ ಮತದಾರರು ಪರಸ್ಪರ ಎದುರಾಳಿಗಳಾಗಿ ಮತ ಹಾಕಿದ್ದರು. ಜನತಾದಳ ಬೇಡವೆಂದು ಕಾಂಗ್ರೆಸ್‌ಗೆ ಹಾಕಿದ ಮತ ಜನತಾದಳದ ಮುಖ್ಯಮಂತ್ರಿಯನ್ನು ಎತ್ತಿ ಹಿಡಿಯಲು ಬಳಕೆಯಾಯಿತು. ಇದು ಸಂವಿಧಾನಬಾಹಿರವಲ್ಲ. ಬಹುಮತವಿಲ್ಲದ ಸದನದಲ್ಲಿ ಯಾರಾದರೂ ಯಾರೊಡನೆಯಾದರೂ ಕೂಡಿಕೊಳ್ಳಲೇಬೇಕು. ಆದರೂ ಇಟ್ಟವನ ಉದ್ದೇಶವನ್ನು ಇಲ್ಲಿಯೂ ಎಳೆದು ಹಿಗ್ಗಿಸಲಾಗಿತ್ತು ಎಂಬುದನ್ನು ಮುಚ್ಚಿಡಬಾರದು.

2019ರಲ್ಲಿ ನಡೆದದ್ದು ಇನ್ನೂ ಒಂದು ಹೆಜ್ಜೆ ಮುಂದಿನದು. ಆಡಳಿತ ಪಕ್ಷಗಳ ಶಾಸಕರು ಸಾಲು ಸಾಲಾಗಿ ರಾಜೀನಾಮೆಗೆ ಮುಂದಾದರು. ಜುಲೈ 23ರಂದು ಸರಕಾರ 99–105ರಿಂದ ವಿಶ್ವಾಸಮತದಲ್ಲಿ ಸೋತಿತು. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಸದನದ ಅವಧಿ ಮುಗಿಯುವ ತನಕ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಸ್ಥಾನಗಳ ಪೈಕಿ 12ನ್ನು ಬಿಜೆಪಿ ಗೆದ್ದಿತು. ಅನರ್ಹರಾಗಿ ಆ ಪಕ್ಷದಿಂದ ಸ್ಪರ್ಧಿಸಿದ 13 ಮಂದಿಯಲ್ಲಿ 11 ಮಂದಿ ಗೆದ್ದರು. 2020ರ ಫೆಬ್ರವರಿಯಲ್ಲಿ ಅವರಲ್ಲಿ ಹತ್ತು ಮಂದಿ ಮಂತ್ರಿಗಳಾದರು.

ಇಲ್ಲಿ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಜನರೇ ಮತ್ತೆ ಆರಿಸಿದ ಮೇಲೆ ದ್ರೋಹವೆಲ್ಲಿ ಬಂತು? ಒಡೆಯನೇ ಕ್ಷಮಿಸಿದ ಮೇಲೆ ದೂರಲು ನಾವು ಯಾರು? ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆ ಮತದಾರರ ತೀರ್ಪನ್ನು ನಾವು ಗೌರವಿಸಲೇಬೇಕು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದನೆಯದು, ಕ್ಷಮೆ ತಪ್ಪನ್ನು ಮನ್ನಿಸುತ್ತದೆ, ತಪ್ಪನ್ನು ಸರಿಯಾಗಿ ಪರಿವರ್ತಿಸುವುದಿಲ್ಲ. ಒಪ್ಪಿಸಿದ ಒಡವೆಯನ್ನು ಕೇಳದೆ ಅಡವಿಟ್ಟವನನ್ನು ಒಡೆಯ ಮನ್ನಿಸಿದರೂ ಅಡವಿಟ್ಟದ್ದು ತಪ್ಪೇ. ಎರಡನೆಯದು, ಒಡೆಯನ ಎದುರು ಇಟ್ಟ ಆಯ್ಕೆಯೇ ಮುಕ್ತವಾಗಿರಲಿಲ್ಲ. ಸರಕಾರ ಆಗಲೇ ಬದಲಾಗಿತ್ತು. ಗೆಲ್ಲಿಸಿದರೆ ಮಂತ್ರಿ ಸಿಗುತ್ತಾನೆ, ಸೋಲಿಸಿದರೆ ಕ್ಷೇತ್ರಕ್ಕೆ ಅನುದಾನ ಸಿಗದು ಎಂಬ ಮಾತು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಅರ್ಥವಾಗುತ್ತಿತ್ತು. 1985ರಲ್ಲಿ ಕೇಳಿ ಪಡೆದದ್ದು, 2019ರಲ್ಲಿ ಪಡೆದು ಕೇಳಿದ್ದು. ಈ ಎರಡರ ನಡುವಿನ ಅಂತರವನ್ನು ಯಾವ ಪಕ್ಷದ ಬಣ್ಣವೂ ಮರೆಮಾಚಲಾರದು.

‘ಗೆಲ್ಲಿಸದಿದ್ದರೆ ಅನುದಾನ ಸಿಗದು’ ಎಂಬ ಈ ಅಂಜಿಕೆಯೇ ನಮ್ಮ ಚರ್ಚೆಯ ಮರ್ಮಸ್ಥಾನ. 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಒಂದೊಂದಕ್ಕೆ ಸರಾಸರಿ ಒಂಬೈನೂರು ಮತದಾರರು. ಮತಯಂತ್ರ ಬಂದ ಮೇಲೆ ಎಣಿಕೆ ಮತಗಟ್ಟೆವಾರು ನಡೆಯುತ್ತದೆ. ಯಾವ ಊರಿನಲ್ಲಿ, ಯಾವ ಕೇರಿಯಲ್ಲಿ ಯಾರಿಗೆಷ್ಟು ಬಿತ್ತು ಎಂಬುದು ಸಂಜೆಯೊಳಗೆ ಎಲ್ಲ ಅಭ್ಯರ್ಥಿಗಳ ಕೈಯಲ್ಲಿರುತ್ತದೆ. ಒಬ್ಬೊಬ್ಬರ ಮತ ಗುಪ್ತ, ಆದರೆ ಕೇರಿಯ ಮತ ಬಟ್ಟಬಯಲು. ಮತಪತ್ರಗಳ ಕಾಲದಲ್ಲಿ ಅಗತ್ಯ ಕಂಡಲ್ಲಿ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ಅವಕಾಶ ಆಯೋಗಕ್ಕಿತ್ತು. ಮತಯಂತ್ರಗಳ ಮತಗಳನ್ನೂ ಹಾಗೆಯೇ ಕೂಡಿಸಿ ಎಣಿಸುವ ‘ಟೋಟಲೈಸರ್’ ಎಂಬ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು. ಕಾನೂನು ಆಯೋಗವೂ 2015ರ ತನ್ನ ವರದಿಯಲ್ಲಿ ಅದನ್ನು ಬೆಂಬಲಿಸಿತು. ಕೇಂದ್ರ ಸರಕಾರ ಒಪ್ಪಲಿಲ್ಲ. ‘ನಿಮ್ಮ ಬೂತಿನಲ್ಲಿ ನಮಗೆಷ್ಟು ಬಿತ್ತು?’ ಎಂಬ ಪ್ರಶ್ನೆ ಚರಂಡಿ ದುರಸ್ತಿ ಕೇಳಲು ಹೋದವರ ಮುಖಕ್ಕೆ ರಾಚುವುದು ಈ ಲೆಕ್ಕದ ಬಲದಿಂದಲೇ. ಶಿಕ್ಷೆ ಅಲ್ಲಿ ಇಡೀ ಕೇರಿಗೆ. ಗೆದ್ದವನಿಗೇ ಮತ ಹಾಕಿದ ಮುದುಕಿಯೂ ಅದೇ ಒಣ ನಲ್ಲಿಯ ಎದುರು ಕೊಡ ಹಿಡಿದು ನಿಲ್ಲಬೇಕು.

ಇದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಇದರ ಇನ್ನೊಂದು ಮುಖವನ್ನು ಒಪ್ಪಲು ಹಿಂಜರಿಯುತ್ತಾರೆ. ‘ನಾವು ಇಷ್ಟು ಮತ ಹಾಕಿದ್ದೇವೆ, ಆದ್ದರಿಂದ ನಮಗೆ ಇಷ್ಟು ಕೊಡಿ’ ಎಂದು ಸಮುದಾಯಗಳು ಬೇಡಿಕೆ ಇಡುವುದು ಈಗ ಸರ್ವೇಸಾಮಾನ್ಯ. ಲಿಂಗಾಯತರು, ಒಕ್ಕಲಿಗರು, ದಲಿತರು, ಹಿಂದುಳಿದವರು, ಮುಸ್ಲಿಮರು, ಯಾರೂ ಇದಕ್ಕೆ ಹೊರತಲ್ಲ. 2023ರಲ್ಲಿ ಆರಿಸಿ ಬಂದ ಒಂಬತ್ತು ಮುಸ್ಲಿಮ್ ಶಾಸಕರೂ ಕಾಂಗ್ರೆಸ್‌ನವರೇ ಆಗಿದ್ದುದರಿಂದ ಆ ಸಮುದಾಯದ ಋಣದ ಮಾತು ಎರಡೂ ಕಡೆಯಿಂದ ಕೇಳಿಬಂತು. ಋಣ ತೀರಿಸಿ ಎಂದು ಕೆಲವರು, ಋಣ ತೀರಿಸುತ್ತಿದ್ದಾರೆ ನೋಡಿ ಎಂದು ಕೆಲವರು. ಎರಡೂ ಮಾತುಗಳ ಬೇರು ಒಂದೇ. ಮತಕ್ಕೆ ಪ್ರತಿಫಲ ಕೇಳುವವನು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಮತಕ್ಕೆ ಶಿಕ್ಷೆಯನ್ನೂ ಒಪ್ಪಿಕೊಳ್ಳುತ್ತಾನೆ. ಹಾಕಿದ್ದಕ್ಕೆ ರಸ್ತೆ ಬರುವುದು ನ್ಯಾಯವಾದರೆ ಹಾಕದ್ದಕ್ಕೆ ರಸ್ತೆ ತಪ್ಪುವುದೂ ನ್ಯಾಯವೇ ಆಗಬೇಕಷ್ಟೆ. ಸಂಖ್ಯೆಯಲ್ಲಿ ಕಡಿಮೆಯಿರುವವರು ಈ ವ್ಯಾಪಾರಕ್ಕೆ ಇಳಿದರೆ ಇಂದಲ್ಲ ನಾಳೆ ನಷ್ಟ ಅವರಿಗೇ. ಶಾಲೆ, ಮೀಸಲಾತಿ, ವಿದ್ಯಾರ್ಥಿವೇತನ, ರಕ್ಷಣೆ ಇವುಗಳನ್ನು ಕೇಳಬೇಕಾದದ್ದು ನಾಗರಿಕರೆಂಬ ನೆಲೆಯಲ್ಲಿ, ಹಿಂದುಳಿದಿರುವಿಕೆಯ ಪುರಾವೆಯ ಬಲದಲ್ಲಿ. ಸೋತವರಿಗೆ ಮತ ಹಾಕಿದ್ದರೂ ಅವು ಸಿಗಬೇಕು ಎನ್ನುವಷ್ಟು ಗಟ್ಟಿಯಾಗಿ ಕೇಳಬೇಕು.

ಹಾಗಾದರೆ ತಮ್ಮ ಹಿತ ನೋಡಿ ಮತ ಹಾಕುವುದೇ ತಪ್ಪೇ ಎಂದು ಯಾರಾದರೂ ಕೇಳಬಹುದು. ಬೆಳೆಗೆ ಬೆಲೆ ಕೊಡಿಸುತ್ತೇನೆ ಎಂದವನಿಗೆ ರೈತ ಮತ ಹಾಕಬಾರದೇ? ಖಂಡಿತ ಹಾಕಬಹುದು. ಬೆಲೆ ಬಂದರೆ ಅದು ಎದುರಾಳಿಗೆ ಮತ ಹಾಕಿದ ಪಕ್ಕದ ಹೊಲದವನಿಗೂ ಬರುತ್ತದೆ. ನೀತಿಗೂ ಲಂಚಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಲಂಚ ರಾತ್ರಿ ಬರುತ್ತದೆ, ಗುಟ್ಟಾಗಿ ಬರುತ್ತದೆ, ಆರಿಸಿದ ಮನೆಗಳಿಗೆ ಮಾತ್ರ ಬರುತ್ತದೆ. ನೀತಿಯನ್ನು ಹಾಡುಹಗಲೇ ಘೋಷಿಸಲಾಗುತ್ತದೆ, ಕಾನೂನಿನಂತೆ ಜಾರಿ ಮಾಡಲಾಗುತ್ತದೆ, ಒಂದೇ ಸ್ಥಿತಿಯಲ್ಲಿರುವ ಎಲ್ಲರಿಗೂ ಅದು ಸಿಗುತ್ತದೆ. ಪ್ರಣಾಳಿಕೆಯ ಭರವಸೆಗಳು ಚುನಾವಣಾ ಭ್ರಷ್ಟಾಚಾರವಲ್ಲವೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. 2023ರ ಗ್ಯಾರಂಟಿ ಯೋಜನೆಗಳ ಖರ್ಚು ವೆಚ್ಚದ ಬಗ್ಗೆ ವಾದವಿರಬಹುದು, ಇರಲೂಬೇಕು. ಆದರೆ ಅದೇ ವರ್ಷ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಸ್ಸು ಹತ್ತಿದ ಹೆಣ್ಣುಮಗಳನ್ನು ಕಂಡಕ್ಟರ್ ಕೇಳಿದ್ದು ಗುರುತಿನ ಚೀಟಿಯನ್ನು, ಮತ ಹಾಕಿದ್ದು ಯಾರಿಗೆಂದಲ್ಲ. ಯೋಜನೆಯನ್ನು ಒಪ್ಪಲಿ ಬಿಡಲಿ, ಕೊಡುವ ರೀತಿ ಹಾಗಿರಬೇಕು. ‘ನಾವು ಕೊಟ್ಟಿದ್ದೇವೆ, ಮತ ಹಾಕದಿದ್ದರೆ ಕೃತಘ್ನರು’ ಎಂದು ಯಾವುದೇ ನಾಯಕ ಹೇಳಿದ ಕ್ಷಣ ಅದೂ ಲಂಚದ ಭಾಷೆಯಾಗಿಬಿಡುತ್ತದೆ. ಕೊಟ್ಟದ್ದು ಅವರ ಮನೆಯಿಂದಲ್ಲ, ಬೊಕ್ಕಸದಿಂದ.

ಮಂತ್ರಿಗಳು ಸ್ವೀಕರಿಸುವ ಪ್ರಮಾಣವಚನವನ್ನು ನಾವು ಗಮನವಿಟ್ಟು ಕೇಳುವುದಿಲ್ಲ. ಎಲ್ಲ ಬಗೆಯ ಜನರಿಗೂ ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ನ್ಯಾಯವಾಗಿ ನಡೆದುಕೊಳ್ಳುತ್ತೇನೆ ಎಂಬುದು ಅದರ ಸಾರ. ದ್ವೇಷವಿರಬಾರದು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಸಂವಿಧಾನ ರೂಪಿಸಿದವರು ರಾಗವೂ ಇರಬಾರದು ಎಂದಿದ್ದಾರೆ. ಎದುರಾಳಿಗೆ ಮತ ಹಾಕಿದವರ ಮೇಲೆ ಸಿಟ್ಟು ಕೂಡದು, ತನಗೆ ಹಾಕಿದವರ ಮೇಲೆ ವಿಶೇಷ ಅಕ್ಕರೆಯೂ ಕೂಡದು. ಈ ಒಂದು ವಾಕ್ಯವನ್ನು ಮನಃಪೂರ್ವಕ ಒಪ್ಪಿದ ಮಂತ್ರಿಗೆ ಮತಗಟ್ಟೆವಾರು ಪಟ್ಟಿಯ ಅಗತ್ಯವೇ ಇರುವುದಿಲ್ಲ.

ಸೋತವರಿಗೂ ಒಂದು ಕರ್ತವ್ಯವಿದೆ. ಸೋಲನ್ನು ಒಪ್ಪುವುದೆಂದರೆ ತಮ್ಮ ವಿಚಾರ ತಪ್ಪೆಂದು ಒಪ್ಪುವುದಲ್ಲ. ಗೆದ್ದವರಿಗೆ ಆಳುವ ಅವಕಾಶ ಬಿಟ್ಟುಕೊಟ್ಟು, ಅವರಿಂದ ಪ್ರತಿದಿನ ಲೆಕ್ಕ ಕೇಳುವುದು. ಆ ಲೆಕ್ಕ ಕೇಳುವ ಕೆಲಸ ವಿರೋಧ ಪಕ್ಷದ ಕುರ್ಚಿಯಲ್ಲಿ ಕೂತವರದು ಮಾತ್ರವಲ್ಲ. ಗೆದ್ದವರಿಗೆ ಮತ ಹಾಕಿದವರದೂ ಹೌದು. ಒಡವೆ ಒಪ್ಪಿಸಿದವನೇ ವಿಚಾರಿಸದಿದ್ದರೆ ಬೇರೆ ಯಾರು ವಿಚಾರಿಸಿಯಾರು?

ಜನಾದೇಶ ಗೆದ್ದ ಪಕ್ಷದ ಸ್ವತ್ತಲ್ಲ, ಅದಕ್ಕೆ ಮತ ಹಾಕಿದವರ ಸ್ವತ್ತೂ ಅಲ್ಲ. ಅದು ಇಡೀ ನಾಡು ಐದು ವರ್ಷಗಳ ಅವಧಿಗೆ ಕೆಲವರ ಕೈಯಲ್ಲಿಟ್ಟ ಅಮಾನತು. ಅದನ್ನು ಅವರು ಹೇಗೆ ಕಾಪಾಡಿದರು ಎಂಬುದನ್ನು ಅಳೆಯಬೇಕಾದ ಜಾಗ ಅವರ ವಿಜಯೋತ್ಸವದ ಮೆರವಣಿಗೆಯಲ್ಲ. ಅವರಿಗೆ ಒಂದೂ ಮತ ಬೀಳದ ಕೇರಿ ಯಾವುದೋ, ಆ ಕೇರಿಯ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಅಲ್ಲಿಯ ಶಾಲೆಗೆ ಮೇಷ್ಟ್ರು ಬಂದಿದ್ದಾರೆಯೇ, ಅಲ್ಲಿಯ ಮನುಷ್ಯ ತಾಲೂಕು ಕಚೇರಿಗೆ ಅಂಜದೆ ಹೋಗಿ ಬರಬಲ್ಲನೇ ಎಂಬುದನ್ನು ನೋಡಬೇಕು.